ನಲ್ಲಿಗೆ ಬಂದ ಕರೆಂಟು

ಆ ಹುಡುಗಿ ಬಾಗಿಲು ಬಡಿದಾಗ ನಾನು ಶಾಲೆಗೆ ಹೊರಡುವ ಆತುರದಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಬಾಗಿಲು ತೆಗೆದರೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದು ನಿಂತಿದ್ದಳು. ಅವಳು ನಮ್ಮ ಎದುರು ಮನೆಯವಳು. ಆನೇಕಲ್ ಕಡೆಯಿಂದ ಮದುವೆಯಾಗಿ ಬಂದವಳು, ಚೊಚ್ಚಲ ಬಸುರಿ. ಗಂಡ ವೈಟ್‌ಫೀಲ್ಡಿನ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ಅವತ್ತು ಬೆಳಗಿನ ಪಾಳಿಗೆ ಹೋಗಿಯಾಗಿತ್ತು.

"ಅಕ್ಕ, ನಲ್ಲಿ ಮುಟ್ಟಿದ್ರೆ ಜುಂ ಅಂತು. ಭುಜದವರೆಗೂ ಬಂತು," ಅಂದಳು.

ಒಳಗೆ ಕರೆದು ಕೂರಿಸಿದೆ. ಕೈ ನೋಡಿದೆ. ಸುಟ್ಟ ಗುರುತಿರಲಿಲ್ಲ.

"ಮಗು ಆಡ್ತಾ ಇದ್ಯಾ?"

"ಆಡ್ತಿದೆ. ಆದ್ರೂ ಭಯ ಆಗ್ತಿದೆ ಅಕ್ಕ. ಇದು ತಾರಸಿ ಮೇಲಿನ ಆ ಮೊಬೈಲ್ ಟವರ್‌ದೇ. ಕೆಳಗಿನ ಮನೆ ಸಾರ್ ಅವತ್ತೇ ಹೇಳಿದ್ರು, ರೇಡಿಯೇಶನ್ ಪೈಪಲ್ಲಿ ಇಳ್ಕೊಂಡ್ ಬರತ್ತೆ ಅಂತ."

ಶಾಲೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿ, ಅವಳನ್ನು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಆಟೊದಲ್ಲಿ ವಾಪಸ್ಸು ಬರುವಾಗ ಅವಳು ಹೇಳಿದ ಮಾತು ನನ್ನ ತಲೆಯಲ್ಲೇ ಉಳಿಯಿತು. "ನಾನು ಈ ಭಾನುವಾರನೇ ಅಮ್ಮನ ಮನೆಗೆ ಹೋಗ್ಬಿಡ್ತೀನಿ ಅಕ್ಕ. ಮತ್ತೆ ಈ ಮನೆಗೆ ಬರಲ್ಲ. ಅವರು ಬೇಕಾದ್ರೆ ಬೇರೆ ಮನೆ ನೋಡ್ಲಿ."

ನಾವಿದ್ದದ್ದು ದೊಡ್ಡನೆಕ್ಕುಂದಿಯ ಒಂದು ಹಳೆಯ ಮೂರಂತಸ್ತಿನ ಕಟ್ಟಡದಲ್ಲಿ. ನೆಲಮಹಡಿಯಲ್ಲಿ ಕಟ್ಟಡದ ಒಡತಿ, ಒಬ್ಬ ಅಜ್ಜಿ. ಅವರ ಮನೆತನದವರು ಆ ಊರಿನ ಮೂಲನಿವಾಸಿಗಳು. ಕೈಗಾರಿಕಾ ಪ್ರದೇಶ, ರಿಂಗ್ ರೋಡು ಎರಡೂ ಬರುವ ಮುಂಚೆ ಅಲ್ಲಿ ರಾಗಿ ಬೆಳೆದವರು. ನಡುವಿನ ಮಹಡಿಯಲ್ಲಿ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರು, ಅವರ ಹೆಂಡತಿ. ನಾವೆಲ್ಲ ಅವರನ್ನು ಸಾರ್ ಎಂದೇ ಕರೆಯುತ್ತಿದ್ದೆವು. ಮೇಲಿನ ಮಹಡಿಯಲ್ಲಿ ಎದುರುಬದುರು ನಮ್ಮ ಮನೆ, ಆ ಹುಡುಗಿಯ ಮನೆ. ನಾನು ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ವಿದ್ಯುತ್, ಬೆಳಕು, ಅಲೆ ಇವುಗಳನ್ನು ವರ್ಷ ವರ್ಷವೂ ಮಕ್ಕಳ ಮುಂದೆ ಬಿಚ್ಚಿ ಜೋಡಿಸಿ, ಆ ಪಾಠಗಳು ನನಗೆ ಅಡುಗೆಮನೆಯ ಡಬ್ಬಗಳಷ್ಟೇ ಪರಿಚಯವಾಗಿದ್ದವು.

ಟವರ್ ನಿಂತದ್ದು ನಮ್ಮ ತಾರಸಿಯ ಮೇಲೆಯೇ. ಮೊಬೈಲ್ ಕಂಪನಿಯವರು ಬಂದು ಕೇಳಿದಾಗ ಅಜ್ಜಿ ಒಪ್ಪಿಕೊಂಡಿದ್ದರು. ಕೂಲಿಯವರು ಬಂದು ಅಂಗಳ ಅಗೆದು ದಪ್ಪ ಕೇಬಲ್ ಹೂತು, ಮೇಲೆ ಸಿಮೆಂಟ್ ಇಟ್ಟಿಗೆ ಹಾಸಿ ಹೋದರು. ಅದು ಚಾಲೂ ಆದ ಕೆಲವೇ ದಿನಗಳಲ್ಲಿ ಬಚ್ಚಲಿನ ನಲ್ಲಿಗಳು ಜುಂ ಅನ್ನತೊಡಗಿದವು. ಮೊದಲು ಸಾರ್ ಮನೆಯಲ್ಲಿ, ಆಮೇಲೆ ಅಜ್ಜಿಯ ಮನೆಯಲ್ಲಿ. ಎಲೆಕ್ಟ್ರಿಷಿಯನ್ ಒಬ್ಬ ಮಧ್ಯಾಹ್ನ ಬಂದು ಎಲ್ಲ ಕಡೆ ಟೆಸ್ಟರ್ ಇಟ್ಟು ನೋಡಿ, ಏನೂ ಸಿಗದೆ, "ಮೇಲೆ ಟವರ್ ಇದ್ಯಲ್ಲ, ಅದರದ್ದಿರಬೋದು" ಎಂದು ಹೇಳಿ ಹೋಗಿಬಿಟ್ಟ. ಅಲ್ಲಿಂದ ಆ ಮಾತಿಗೆ ರೆಕ್ಕೆ ಬಂತು. ಸಾರ್ ಮನೆಯವರಿಗೆ ತಲೆನೋವು ಬಂದರೆ ಟವರ್. ಅಜ್ಜಿಯ ತೆಂಗಿನ ಮರದ ಎಳೆಗಾಯಿ ಉದುರಿದರೆ ಟವರ್. ಹುಡುಗಿ ತಾರಸಿಗೆ ಹೋಗುವುದನ್ನೇ ಬಿಟ್ಟು, ಬಟ್ಟೆಯನ್ನೆಲ್ಲ ಕೋಣೆಯೊಳಗೆ ಹರವುತ್ತಿದ್ದಳು.

ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಏನೂ ಆಗಿರಲಿಲ್ಲ. ನಮ್ಮ ಬಚ್ಚಲಿನ ಹಳೆಯ ನಲ್ಲಿ ಒಡೆದಿತ್ತೆಂದು ಪ್ಲಾಸ್ಟಿಕ್ಕಿನದು ಹಾಕಿಸಿಕೊಂಡಿದ್ದೆವು. ಅದರ ಅರ್ಥ ನನಗೆ ಹೊಳೆದದ್ದು ಆಮೇಲೆ.

ಅವತ್ತು ಸಂಜೆ ಅವಳ ಮನೆಗೆ ಹೋದೆ. ಸೂಟ್‌ಕೇಸ್ ಮಂಚದ ಮೇಲೆ ತೆರೆದು ಕೂತಿತ್ತು. ಹೋಗಬೇಡ ಎನ್ನುವುದು ನನ್ನ ಕೆಲಸವಾಗಿರಲಿಲ್ಲ. ಬಾಣಂತನಕ್ಕೆ ತವರಿಗೆ ಹೋಗುವವಳೇ. ಆದರೆ ಹೊಟ್ಟೆಯೊಳಗಿನ ಮಗುವಿಗೆ ಆಗಲೇ ಏನೋ ಆಗಿಹೋಗಿದೆ ಎಂಬ ಭಯ ಹೊತ್ತುಕೊಂಡು ಹೋಗುವುದು ಬೇಡ ಅನ್ನಿಸಿತು.

"ಬಟ್ಟೆ ಹಗ್ಗ ಇದ್ಯಾ?" ಎಂದು ಕೇಳಿದೆ.

ಅವಳು ನೈಲಾನ್ ಹಗ್ಗ ತಂದುಕೊಟ್ಟಳು. ಒಂದು ತುದಿಯನ್ನು ಮೆಟ್ಟಿಲಿನ ಕಂಬಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಒಮ್ಮೆ ಮೇಲಕ್ಕೆ ಕೆಳಕ್ಕೆ ಒದರಿದೆ. ಒಂದು ಉಬ್ಬು ಹಾವಿನಂತೆ ಓಡಿಹೋಗಿ ಕಂಬಿಗೆ ಬಡಿಯಿತು.

"ಹಗ್ಗ ಅಲ್ಲಿಗೆ ಹೋಯ್ತಾ?"

"ಇಲ್ಲ, ಇಲ್ಲೇ ಇದೆ."

"ನನ್ನ ಕೈ ಕೊಟ್ಟ ಶಕ್ತಿ ಮಾತ್ರ ಹೋಯ್ತು. ಇದೇ ಅಲೆ. ಈಗ ನೋಡು." ಜೋರು ಜೋರಾಗಿ ಒದರಿದೆ. ಹಗ್ಗದಲ್ಲಿ ಸಣ್ಣ ಸಣ್ಣ ಉಬ್ಬುಗಳು ಒತ್ತೊತ್ತಾಗಿ ಮೂಡಿದವು. "ನಿಧಾನಕ್ಕೆ ಕುಣಿಸಿದ್ರೆ ಉದ್ದ ಅಲೆ, ಬೇಗ ಕುಣಿಸಿದ್ರೆ ಗಿಡ್ಡ ಅಲೆ. ರೇಡಿಯೋ, ಟವರ್ ಅಲೆ, ಒಲೆ ಕಾವು, ಬೆಳಕು, ಎಕ್ಸ್‌ರೇ, ಎಲ್ಲಾ ಒಂದೇ ಮನೆತನ. ಕುಣಿತ ಮಾತ್ರ ಬೇರೆ ಬೇರೆ. ಅವಕ್ಕೆ ಹಗ್ಗ ಕೂಡ ಬೇಡ, ಖಾಲಿ ಜಾಗದಲ್ಲೂ ಹೋಗ್ತವೆ."

"ಎಕ್ಸ್‌ರೇ ಬಸುರೀರಿಗೆ ಆಗಲ್ಲ ಅಂತಾರಲ್ಲ. ಅದೇ ಮನೆತನ ಅಂದ್ರೆ ಇದೂ ಆಗಲ್ಲ ತಾನೇ?"

ಒಳ್ಳೆಯ ಪ್ರಶ್ನೆ. ನನ್ನ ಹತ್ತನೆಯ ತರಗತಿಯಲ್ಲಿ ಯಾರಾದರೂ ಇದನ್ನು ಕೇಳಲಿ ಎಂದು ನಾನು ಕಾಯುತ್ತಿರುತ್ತೇನೆ.

"ಎಕ್ಸ್‌ರೇ ಭಯಂಕರ ಬೇಗ ಕುಣಿಯುತ್ತೆ. ಅದರ ಒಂದೊಂದು ಪೆಟ್ಟಿಗೂ ಮೈಯೊಳಗಿನ ಅಣುವನ್ನ ಒಡೆಯೋ ತಾಕತ್ತಿದೆ. ಟವರ್ ಅಲೆ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಕಿಟಕಿಯಿಂದ ಬರೋ ಬೆಳಕಿಗಿಂತಲೂ ಎಷ್ಟೋ ನಿಧಾನದ ಕುಣಿತ. ಅದು ತುಂಬಾ ಹತ್ತಿರದಲ್ಲಿ, ತುಂಬಾ ಜೋರಾಗಿದ್ರೆ ಬಿಸಿ ಮಾಡಬಹುದು, ಅದಕ್ಕೇ ಎಷ್ಟಿರಬೇಕು ಅಂತ ಮಿತಿ ಇಟ್ಟಿದ್ದಾರೆ. ಆಂಟೆನಾ ಬೀಸೋದೂ ಮುಂದಕ್ಕೆ, ಕಾಲಬುಡಕ್ಕಲ್ಲ. ಅಷ್ಟಕ್ಕೂ ಅನುಮಾನ ಇದ್ರೆ ಅಳತೆ ಮಾಡಿಸೋಣ. ಆದ್ರೆ ನಿನ್ನ ಕೈ ಜುಂ ಅನ್ಸಿದ್ದು ಅದಲ್ಲ. ಅದು ಕರೆಂಟು. ಕರೆಂಟಿಗೆ ದಾರಿ ಬೇಕು. ತಂತಿಯಿಂದ ಪೈಪಿಗೆ, ಪೈಪಿಂದ ನಿನ್ನ ಕೈಗೆ, ಒದ್ದೆ ಕಾಲಿಂದ ನೆಲಕ್ಕೆ. ಈ ಕಟ್ಟಡದ್ದು ಹಳೇ ಕಬ್ಬಿಣದ ಪೈಪು, ಎಲ್ಲಾ ಮನೆಗೂ ಒಂದೇ."

ಹಾಗಾದರೆ ಸ್ಕ್ಯಾನಿಂಗ್ ಮಾಡುತ್ತಾರಲ್ಲ, ಅದರಲ್ಲಿ ಯಾವ ಅಲೆ ಎಂದು ಕೇಳಿದಳು. ಅದು ಬೇರೆಯೇ ಜಾತಿ, ಶಬ್ದದ ಅಲೆ, ನಮ್ಮ ಕಿವಿಗೆ ಕೇಳದಷ್ಟು ಬೇಗ ಕುಣಿಯುವ ಶಬ್ದ ಹೊಟ್ಟೆಯೊಳಗೆ ಹೋಗಿ ಮಗುವಿಗೆ ತಾಗಿ ವಾಪಸ್ಸು ಬರುತ್ತದೆ ಎಂದೆ. "ಅಂದ್ರೆ ಕೂಗಿ ಕರೆದ್ರೆ ಬಾವಿಯಿಂದ ದನಿ ವಾಪಸ್ ಬರುತ್ತಲ್ಲ ಹಂಗಾ?" ಅಂದಳು. ಹಂಗೇ ಎಂದೆ. ಅವತ್ತು ಮೊದಲ ಸಲ ನಕ್ಕಳು. ಟಿವಿ ರಿಮೋಟನ್ನು ಅವಳ ಫೋನಿನ ಕ್ಯಾಮೆರಾ ಮುಂದೆ ಹಿಡಿದು ಗುಂಡಿ ಒತ್ತಿ ತೋರಿಸಿದೆ. ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕು ಪರದೆಯ ಮೇಲೆ ತಿಳಿ ನೇರಳೆ ಚುಕ್ಕೆಯಾಗಿ ಮಿನುಗಿತು. ಅದನ್ನು ಅವಳು ಮತ್ತೆ ಮತ್ತೆ ಒತ್ತಿ ನೋಡಿದಳು.

ನಾನು ಎದ್ದು ಹೊರಡುವಾಗ ಅವಳೇ ಹೇಳಿದಳು, "ಒಂದು ವಿಷಯ ಅಕ್ಕ. ಮುಂಚೆಯೂ ಒಂದೆರಡು ಸಲ ಸಣ್ಣಗೆ ಜುಂ ಅಂದಿತ್ತು, ಆದ್ರೆ ಇದು ಬೆಳಿಗ್ಗೆ ಮಾತ್ರ. ಮಧ್ಯಾಹ್ನ, ಸಂಜೆ ಎಷ್ಟು ಸಲ ಮುಟ್ಟಿದ್ರೂ ಏನೂ ಇರಲ್ಲ."

ನಾನು ಬಾಗಿಲಲ್ಲೇ ನಿಂತೆ. ಟವರ್ ಹಗಲೂ ರಾತ್ರಿಯೂ ಒಂದೇ ಸಮ ಕೆಲಸ ಮಾಡುತ್ತದೆ. ಬೆಳಿಗ್ಗೆ ಮಾತ್ರ ಕೆಲಸ ಮಾಡುವುದು ಮನೆಯೊಳಗಿನ ಇನ್ನೇನೋ. ಆ ಎಲೆಕ್ಟ್ರಿಷಿಯನ್ ಮಧ್ಯಾಹ್ನ ಬಂದು ಏನೂ ಕಾಣದೆ ಹೋಗಿದ್ದೂ ಅದಕ್ಕೇ. ನನಗೆ ಅರ್ಧ ಉತ್ತರ ಸಿಕ್ಕಂತಾಗಿತ್ತು. ಅದನ್ನು ಎಲ್ಲರ ಎದುರೇ ನೋಡಿ ತೋರಿಸಬೇಕು ಎಂದುಕೊಂಡೆ. ಅವಳಿಗೆ, "ಭಾನುವಾರ ಬೆಳಿಗ್ಗೆ ತನಕ ಇರು. ಸ್ನಾನಕ್ಕೆ ನಮ್ಮನೆಗೆ ಬಾ," ಎಂದೆ. ಇನ್ನಿಬ್ಬರ ಮನೆಗೂ ಹೋಗಿ, ಬೆಳಿಗ್ಗೆ ಹೊತ್ತು ಬಚ್ಚಲಿನ ನಲ್ಲಿ ಮುಟ್ಟಬೇಡಿ, ಹಿಂದಿನ ದಿನವೇ ಬಕೆಟ್ ತುಂಬಿಟ್ಟುಕೊಳ್ಳಿ ಎಂದು ಹೇಳಿ ಬಂದೆ.

ಭಾನುವಾರ ಬೆಳಿಗ್ಗೆ ಸಾರ್ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದ್ದರು. ಟವರ್ ತೆಗೆಸಬೇಕು, ಒಟ್ಟಿಗೆ ಹೋಗಿ ದೂರು ಕೊಡಬೇಕು ಎಂಬುದು ಅವರ ಮಾತು. ಅಜ್ಜಿ ಮೆಟ್ಟಿಲ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು.

"ಏನವ್ವಾ ಮೇಡಮ್ಮ, ಅಂಗಾದ್ರೆ ನಾನೇ ನಿಮ್ಗೆಲ್ಲಾ ಇಸ ಇಕ್ದಂಗಾಯ್ತಾ?" ಎಂದು ನನ್ನನ್ನೇ ಕೇಳಿದರು. ವಿಷ ಇಟ್ಟಂತಾಯಿತೇ ಎಂದು ಆ ವಯಸ್ಸಿನವರು ಕೇಳಿದಾಗ ನನಗೆ ಸಂಕಟವಾಯಿತು.

"ಇಲ್ಲ ಅಜ್ಜಿ. ಒಂದು ಗಂಟೆ ಟೈಮ್ ಕೊಡಿ," ಎಂದು ಸಾರ್ ಕಡೆ ತಿರುಗಿದೆ. "ಸಾರ್, ಟವರ್‌ಗೆ ಬೇರೆ ಮೀಟರ್ ಇದೆ. ನಮ್ಮ ಮನೆಗಳ ಮೇನ್ ಎಲ್ಲಾ ಆಫ್ ಮಾಡೋಣ, ಟವರ್ ಓಡ್ತಾ ಇರ್ಲಿ. ಆಗ್ಲೂ ನಲ್ಲೀಲಿ ಕರೆಂಟ್ ಇದ್ರೆ ನಾನೇ ನಿಮ್ಮ ಜೊತೆ ಬರ್ತೀನಿ."

ಸಾರ್ ಇಡೀ ಸರ್ವಿಸ್ ಯಂತ್ರಗಳ ಮಧ್ಯೆ ಕಳೆದವರು. ನ್ಯಾಯವಾದ ಪರೀಕ್ಷೆಗೆ ಇಲ್ಲ ಎನ್ನುವವರಲ್ಲ. "ಆಗ್ಲಿ. ಆದ್ರೆ ಟೆಸ್ಟರ್ ದೀಪ ಮಿಣಮಿಣ ಅನ್ನೋದನ್ನ ನಾನು ನಂಬಲ್ಲ. ನನ್ನ ಮೀಟರ್ ತರ್ತೀನಿ," ಎಂದು ಒಳಗೆ ಹೋಗಿ ತಮ್ಮ ಮಲ್ಟಿಮೀಟರ್ ತಂದರು.

ಎಲ್ಲರೂ ರಬ್ಬರ್ ಚಪ್ಪಲಿ ಹಾಕಿಕೊಂಡೆವು. ಹುಡುಗಿಯನ್ನು ದೂರ ಕೂರಿಸಿದೆ. ಎಂದಿನ ಬೆಳಗಿನಂತೆ ಎಲ್ಲರ ಮನೆಯಲ್ಲೂ ಎಲ್ಲವೂ ಚಾಲೂ ಇರಲಿ ಎಂದು ಮೊದಲೇ ಹೇಳಿದ್ದೆ. ಅಜ್ಜಿಯ ಬಚ್ಚಲಿನ ನಲ್ಲಿಗೆ ಸಾರ್ ಮೀಟರಿನ ಒಂದು ಕಡ್ಡಿ ತಾಗಿಸಿ, ಇನ್ನೊಂದನ್ನು ಒದ್ದೆ ನೆಲಕ್ಕೆ ಒತ್ತಿದರು. ಅಂಕಿ ಏರಿತು. ಮೈ ಜುಂ ಅನ್ನಿಸಲು ಸಾಕಾಗುವಷ್ಟು, ಅದಕ್ಕಿಂತ ಹೆಚ್ಚೇ. ಸಾರ್ ಮೀಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ನಾನು ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿಗೆ ಹೋಗಿ ನಾಲ್ಕೂ ಮನೆಯ ಮೇನ್ ಇಳಿಸಿದೆ. ಫ್ಯಾನುಗಳು ನಿಂತವು. ತಾರಸಿಯಿಂದ ಟವರಿನ ಪೆಟ್ಟಿಗೆಯ ಗುಂಯ್ ಸದ್ದು ಮಾತ್ರ ಕೇಳುತ್ತಿತ್ತು.

"ಎಷ್ಟಿದೆ ಸಾರ್?"

"ಏನೂ ಇಲ್ಲ," ಅಂದರು. ಕಡ್ಡಿಗಳನ್ನು ತೆಗೆದು ಮತ್ತೆ ತಾಗಿಸಿ ನೋಡಿದರು. "ಏನೂ ಇಲ್ಲ ಮೇಡಂ."

ಒಂದೊಂದೇ ಮನೆಯ ಮೇನ್ ಏರಿಸುತ್ತ ಬಂದೆ. ಅಜ್ಜಿಯದು ಹಾಕಿದೆ, ಏನೂ ಇಲ್ಲ. ನಮ್ಮದು, ಏನೂ ಇಲ್ಲ. ಹುಡುಗಿಯದು, ಏನೂ ಇಲ್ಲ. ಉಳಿದದ್ದು ಸಾರ್ ಮನೆಯದು. ಅದನ್ನು ಏರಿಸಿದ ಕೂಡಲೇ ಒಳಗಿನಿಂದ ಸಾರ್ ದನಿ ಬಂತು. "ನಿಲ್ಲಿಸಿ. ಬಂತು."

ಅವರೇ ಮೀಟರ್ ಹಿಡಿದು ಮೇಲೆ ಹೋಗಿ, ತಮ್ಮ ಮನೆಯ ಒಂದೊಂದೇ ಸ್ವಿಚ್ಚು ಆರಿಸಿ ಅಲ್ಲಿನ ನಲ್ಲಿಗೆ ತಾಗಿಸಿ ನೋಡಿದರು. ಗೀಸರಿನ ಸ್ವಿಚ್ಚು ಆರಿಸಿದಾಗ ನಲ್ಲಿಯ ಕರೆಂಟು ಹೋಯಿತು. ಅವರ ಮನೆಯಲ್ಲಿ ಗೀಸರ್ ಹಾಕುವುದು ಬೆಳಿಗ್ಗೆ ಮಾತ್ರ. ಒಳಗೆ ನೀರು ಕಾಯಿಸುವ ಕಾಯಿಲ್ ಹಳತಾಗಿ ಸೀಳಿ, ಕರೆಂಟು ಗೀಸರಿನ ತಗಡಿಗೆ, ಅಲ್ಲಿಂದ ಪೈಪಿಗೆ ಸೋರುತ್ತಿತ್ತು.

ಸಾರ್ ಕೆಳಗೆ ಅಂಗಳಕ್ಕೆ ಇಳಿದು ಬಂದರು. ಅವರು ನೇರ ಆ ಹುಡುಗಿಯ ಹತ್ತಿರ ಹೋದರು.

"ನಮ್ಮನೆ ಗೀಸರಿಂದ ನಿಂಗೆ ಶಾಕ್ ಹೊಡೀತಮ್ಮ. ನಾನು ನಿನ್ನ ಇನ್ನೂ ಹೆದರ್ಸಿಟ್ಟಿದ್ದೆ. ತಪ್ಪಾಯ್ತು," ಅಂದರು.

"ಅಯ್ಯೋ ಬಿಡಿ ಸಾರ್, ನಿಮ್ಗೂ ಹೊಡೀತಿತ್ತಲ್ಲ," ಅಂದಳು ಅವಳು.

ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಸಾರ್ ಮುಗಿಸಲಿಲ್ಲ. ನನ್ನ ಕಡೆ ತಿರುಗಿ, "ಗೀಸರ್ ನಂದೇ, ಒಪ್ಕೊಂಡೆ. ಆದ್ರೆ ಮೇಡಂ, ಆ ಕಾಯಿಲ್ ಟವರ್ ಬಂದ ವಾರಾನೇ ಹಾಳಾಯ್ತು ಅಂದ್ರೆ ನಾನು ನಂಬಲ್ಲ. ಅದು ಎಷ್ಟೋ ದಿನದಿಂದ ಸೋರ್ತಾ ಇರ್ಬೇಕು. ನೀರು ಬಿಸಿಯಾಗೋದು ಮೊದಲೇ ತಡ ಆಗ್ತಿತ್ತು. ಟವರ್ ಬರೋ ತನಕ ಯಾಕೆ ಯಾರಿಗೂ ಶಾಕ್ ಹೊಡೀಲಿಲ್ಲ? ಅದನ್ನ ಹೇಳಿ," ಎಂದರು.

ಮಾತು ಸರಿಯಿತ್ತು. ನಾನು ಜಗುಲಿಯ ಮೇಲೆ ಕೂತು ಯೋಚಿಸಿದೆ. ಪಾಠದಲ್ಲಿ ನಾನೇ ಎಷ್ಟೋ ಸಲ ಬೋರ್ಡಿನ ಮೇಲೆ ಬರೆದ ಚಿತ್ರ ಕಣ್ಣ ಮುಂದೆ ಬಂತು. ಮೂರು ತಂತಿ. ಕರೆಂಟು ತರುವುದೊಂದು, ವಾಪಸ್ಸು ಒಯ್ಯುವುದೊಂದು, ಮೂರನೆಯದು ಹಸಿರು ಬಣ್ಣದ್ದು, ನೆಲಕ್ಕೆ ಹೋಗುವುದು. ಗೀಸರಿನ ತಗಡಿಗೆ ಕರೆಂಟು ಸೋರಿದರೆ ಅದು ಆ ಮೂರನೆಯ ತಂತಿ ಹಿಡಿದು ಸದ್ದಿಲ್ಲದೆ ನೆಲಕ್ಕೆ ಇಳಿದುಹೋಗಬೇಕು. ಇಷ್ಟು ದಿನ ಇಳಿದುಹೋಗುತ್ತಿತ್ತು. ಈಗ ಇಳಿಯುತ್ತಿಲ್ಲ.

"ಅಜ್ಜಿ," ಎಂದೆ, "ಈ ಕಟ್ಟಡದ ಅರ್ಥಿಂಗ್ ಗುಂಡಿ ಎಲ್ಲಿದೆ?"

"ಅದ್ಯಾವ ಗುಂಡಿ?"

"ತಾಮ್ರದ ಪಟ್ಟಿ ಇಳಿಸಿ, ಉಪ್ಪು, ಇದ್ದಿಲು ಹಾಕಿ ಮುಚ್ಚಿರ್ತಾರಲ್ಲ."

"ಓ, ಅದಾ. ಮನೆ ಕಟ್ಟುವಾಗ ಮಾಡ್ಸಿದ್ರು. ಬ್ಯಾಸ್ಗೇಲಿ ಅದ್ಕೆ ನೀರುಯ್ಯಿ ಅಂತ ನಮ್ಮ ಯಜಮಾನ್ರು ಏಳೋರು. ಅಗೋ ಅಲ್ಲಿ, ತೆಂಗಿನ ಮರದ ಪಕ್ಕ. ಈಗ ಅದ್ರ ಮ್ಯಾಲೆ ಇಟ್ಟಿಗೆ ಆಸ್ಬುಟ್ಟವ್ರೆ."

ಅಜ್ಜಿ ಬೆರಳು ತೋರಿಸಿದ ಜಾಗದ ಮೇಲೆಯೇ ಟವರಿನ ಕೇಬಲ್ ಹೂತಿದ್ದರು. ಸಾರ್ ಒಳಗಿನಿಂದ ಹಾರೆ ತಂದರು. ಇಟ್ಟಿಗೆ ಎಬ್ಬಿಸುವಷ್ಟರಲ್ಲಿ ನಾನು ತಡೆದೆ. ಕೆಳಗೆ ಟವರಿನ ದಪ್ಪ ಕೇಬಲ್ ಇದೆ, ಅದಕ್ಕೆ ಹಾರೆ ತಗುಲಿದರೆ ಇಲ್ಲೇ ಹೆಣ ಬೀಳುತ್ತದೆ. ಸಾರ್ ಹಾರೆ ಕೆಳಗಿಟ್ಟರು. ಟವರಿನವರಿಗೆ ಅಜ್ಜಿಯ ಕೈಯಲ್ಲೇ ಫೋನ್ ಮಾಡಿಸಿದೆವು. ಆಗ ಅಜ್ಜಿಯ ದನಿ ಬದಲಾಗಿತ್ತು. "ನಾಳೆ ಬೆಳಿಗ್ಗೇನೇ ಬಂದು ನೋಡ್ರಪ್ಪ. ಬರ್ಲಿಲ್ಲ ಅಂದ್ರೆ ತಾರಸಿ ಬೀಗ ನನ್ತಾವೇ ಐತೆ," ಅಂದರು.

ಸೋಮವಾರ ಟವರಿನ ಕಡೆಯವರು ಬಂದು ತಮ್ಮ ಕೇಬಲ್ಲಿನ ಕರೆಂಟು ತೆಗೆದು, ಕೈಯಲ್ಲೇ ಮಣ್ಣು ಬಗೆದರು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲಿ ನಿಂತಿದ್ದೆ. ಹಸಿರುಗಟ್ಟಿದ ತಾಮ್ರದ ಪಟ್ಟಿ ಗೋಡೆಯಿಂದ ಇಳಿದು ಬಂದು, ಕಾಲುವೆ ತೋಡಿದ ಜಾಗದಲ್ಲಿ ಕಚಕ್ಕೆಂದು ತುಂಡಾಗಿತ್ತು. ಆಚೆ ಬದಿಯಲ್ಲಿ ಅದರ ಇನ್ನೊಂದು ತುದಿ ಮಣ್ಣಿನಲ್ಲಿ ಮಲಗಿತ್ತು. ಅಂದು ಅಗೆದವರು ಅದನ್ನು ಬೇರೋ ಹಳೆಯ ತಗಡೋ ಎಂದುಕೊಂಡು ಕಡಿದು ಮೇಲೆ ಇಟ್ಟಿಗೆ ಹಾಸಿದ್ದರು. ಅದು ತುಂಡಾದ ಮೇಲೆ ಸಾರ್ ಗೀಸರಿನಿಂದ ಸೋರಿದ ಕರೆಂಟಿಗೆ ನೆಲಕ್ಕೆ ಹೋಗಲು ದಾರಿ ಇರಲಿಲ್ಲ. ನಾಲ್ಕೂ ಮನೆಯ ಪೈಪಿನಲ್ಲಿ ಕಾದು ನಿಂತು, ಯಾರಾದರೂ ಒದ್ದೆ ಕಾಲಲ್ಲಿ ನಲ್ಲಿ ಮುಟ್ಟಿದರೆ ಅವರ ಮೈಯನ್ನೇ ದಾರಿ ಮಾಡಿಕೊಳ್ಳುತ್ತಿತ್ತು. ನಮ್ಮ ಪ್ಲಾಸ್ಟಿಕ್ ನಲ್ಲಿಯಲ್ಲಿ ಮಾತ್ರ ಅದರ ಆಟ ನಡೆದಿರಲಿಲ್ಲ.

"ಹಂಗಾದ್ರೆ ಟವರಿಂದಾನೇ ಅಂತ ನಾನು ಹೇಳಿದ್ದು ತಪ್ಪಲ್ಲ," ಎಂದರು ಸಾರ್. ದನಿಯಲ್ಲಿ ಸಣ್ಣ ಗೆಲುವಿತ್ತು.

"ತಪ್ಪಲ್ಲ ಸಾರ್. ಬಂದಿದ್ದು ಗಾಳೀಲಲ್ಲ, ಗುದ್ದಲೀಲಿ."

ಅವರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಪಟ್ಟಿ ಬೆಸೆದು, ಹೊಸದಾಗಿ ಉಪ್ಪು, ಇದ್ದಿಲು ತುಂಬಿ, ಮೇಲೊಂದು ಮುಚ್ಚಳ ಇಟ್ಟರು. ಸಾರ್ ಗೀಸರ್ ಬದಲಾಯಿಸಿದರು. ಕರೆಂಟು ಒಂದಿಷ್ಟು ಸೋರಿದರೂ ತಕ್ಷಣ ಕಡಿದುಹಾಕುವ ಸ್ವಿಚ್ಚನ್ನು ಎಲ್ಲ ಮನೆಗೂ ಹಾಕಿಸಿದ ಮೇಲೆಯೇ ಅವರಿಗೆ ಸಮಾಧಾನ. ಟವರಿನ ಅಲೆಯನ್ನೂ ಅಳತೆ ಮಾಡಿಸಿದೆವು. ಮಿತಿಯೊಳಗೇ ಇತ್ತು, ತೀರಾ ಕೆಳಗೆ. ಸಾರ್ ಆ ಅಂಕಿಯನ್ನು ಓದಿ, "ಮುಂದಿನ ವರ್ಷ ಇನ್ನೊಂದ್ಸಲ ಮಾಡ್ಸೋಣ," ಎಂದರು. ಮಾಡಿಸೋಣ ಎಂದೆ. ಅಳೆಯುವುದಕ್ಕೆ ನನ್ನದೇನೂ ಅಡ್ಡಿಯಿರಲಿಲ್ಲ.

ಹುಡುಗಿ ಆ ಭಾನುವಾರ ಹೋಗಲಿಲ್ಲ. ಸೀಮಂತ ಮುಗಿಸಿಕೊಂಡು, ಅಜ್ಜಿಯ ಕೈಯಿಂದ ಮಡಿಲು ತುಂಬಿಸಿಕೊಂಡು, ಎಲ್ಲರಂತೆ ತವರಿಗೆ ಹೋದಳು. ಅವಳಿಗೆ ಹೆಣ್ಣುಮಗು ಆಯಿತು. ನೋಡಲು ಆನೇಕಲ್ಲಿಗೆ ಹೋಗಿದ್ದೆ. ಅವಳ ತಾಯಿ ಮಗುವನ್ನು ನನ್ನ ಮಡಿಲಿಗೆ ಕೊಡುತ್ತ, "ನೀವೇ ಅಂತೆ, ಇವಳ ಭಯ ಬಿಡಿಸಿದ್ದು," ಅಂದರು. ಭಯ ಇಲ್ಲದಿದ್ದರೆ ಅವಳು ಬೆಳಿಗ್ಗೆ ಮಾತ್ರ ಶಾಕ್ ಹೊಡೆಯುತ್ತದೆ ಎಂದು ಗಮನಿಸುತ್ತಲೇ ಇರಲಿಲ್ಲ ಎಂದೆ. ಮೂರು ತಿಂಗಳು ತುಂಬಿದ ಮೇಲೆ ಮಗು ಎತ್ತಿಕೊಂಡು ಅದೇ ಮನೆಗೆ ವಾಪಸ್ಸು ಬಂದಳು.

ಆ ವರ್ಷ ವಿದ್ಯುತ್ ಪಾಠ ಬಂದಾಗ ಸಾರ್ ಅವರನ್ನು ನಮ್ಮ ಶಾಲೆಗೆ ಕರೆದೆ. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸೀಳಿದ ಹಳೆಯ ಕಾಯಿಲನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅದನ್ನು ಬೆಂಚಿನಿಂದ ಬೆಂಚಿಗೆ ಕಳಿಸಿ, ಕರೆಂಟು ಎಲ್ಲಿಂದ ಸೋರಿತು ಎಂದು ಮಕ್ಕಳ ಬಾಯಿಂದಲೇ ಹೇಳಿಸಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ನಮ್ಮನೆ ಫ್ರಿಜ್ ಮುಟ್ಟಿದ್ರೂ ಜುಂ ಅನ್ನುತ್ತೆ. ಅಮ್ಮ ಮಳೆಗಾಲ ಅಲ್ವಾ, ಅದಕ್ಕೆ ಅಂತಾರೆ," ಅಂದಳು.

ಸಾರ್ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. "ಮನೆ ಎಲ್ಲಮ್ಮ ನಿಂದು?" ಎಂದು ಕೇಳಿದರು. ಶಾಲೆ ಬಿಟ್ಟ ಮೇಲೆ ಮೀಟರ್ ಕೈಯಲ್ಲಿ ಹಿಡಿದು, ಅವಳ ಹಿಂದೆ ಹೊರಟರು. ಏನು ಸಿಗುತ್ತದೆ ಎಂದು ನೋಡುವ ಕುತೂಹಲಕ್ಕೆ ನಾನೂ ಬ್ಯಾಗು ಹೆಗಲಿಗೇರಿಸಿಕೊಂಡು ಜೊತೆಗೆ ಹೋದೆ.